ಮಳೆಗಾಲದ ಮನೆಗೆ ಡೀಪ್ ಕ್ಲೀನಿಂಗ್: ದೂಳು ಹೋಯಿತು, ತೇವ ಉಳಿಯಿತು

ಮೈಸೂರಿನಲ್ಲಿ ಮನೆಗೇ ಬಂದು ಡೀಪ್ ಕ್ಲೀನಿಂಗ್ ಮಾಡಿಕೊಡುವವರು ಈಗ ಹಲವರಿದ್ದಾರೆ. ಸಾಮಾನ್ಯ ಪ್ಯಾಕೇಜಿನ ಜೊತೆಗೆ, ತುಸು ಹೆಚ್ಚಿನ ದರಕ್ಕೆ, ಅಲರ್ಜಿ ಇರುವವರ ಮನೆಗೆಂದೇ ಸಿದ್ಧಪಡಿಸಿದ್ದು ಎನ್ನುವ ಇನ್ನೊಂದು ಪ್ಯಾಕೇಜನ್ನೂ ಇವರಲ್ಲಿ ಕೆಲವರು ಮಾರುತ್ತಾರೆ. ಹಾಸಿಗೆ, ಸೋಫಾ, ಪರದೆಗಳ ವ್ಯಾಕ್ಯೂಮ್, ಸೋಫಾ ಮತ್ತು ಹಾಸಿಗೆಗೆ ಶಾಂಪೂ, ಗೋಡೆಯ ಬೂಷ್ಟು ತೆಗೆಯುವುದು, ಫ್ಯಾನು, ಅಟ್ಟ, ಸಜ್ಜಗಳ ದೂಳು ತೆಗೆಯುವುದು, ಕೊನೆಯಲ್ಲಿ ರೋಗಾಣು ನಾಶಕ್ಕೆಂದು ಒಂದು ಸಿಂಪಡಣೆ, ಇವಿಷ್ಟೂ ಅದರೊಳಗೆ ಬರುತ್ತವೆ. ಸರಸ್ವತಿಪುರಂನಲ್ಲಿರುವ ನಮ್ಮ ಹಳೆಯ ಮನೆಗೆ ದಸರೆಗೆ ಮುಂಚೆ ಈ ಸೇವೆಯನ್ನು ತರಿಸಿದ್ದೆವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆದಿಲ್ಲ. ನಾನು ವಿಚಾರಿಸಿದ ಎಲ್ಲ ಕಡೆಯೂ ಯಂತ್ರಗಳು, ದ್ರಾವಣಗಳು, ಮಾತಿನ ವರಸೆ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ, ಇಲ್ಲಿ ಹೇಳುವ ಗುಣದೋಷಗಳು ಒಬ್ಬರಿಗೆ ಮಾತ್ರ ಸೇರಿದವಲ್ಲ ಎಂದು ನನಗೆ ಅನ್ನಿಸಿದೆ.

ನನ್ನ ತೀರ್ಮಾನವನ್ನು ಮೊದಲೇ ತಿಳಿಸಿಬಿಡುತ್ತೇನೆ. ದೂಳು ತೆಗೆಯುವುದರಲ್ಲಿ ಈ ಸೇವೆ ನಿಜಕ್ಕೂ ಚೆನ್ನಾಗಿದೆ, ಮನೆಯವರು ಪೊರಕೆ ಮತ್ತು ಬಟ್ಟೆ ಹಿಡಿದು ಮಾಡಲಾಗದ ಕೆಲಸವನ್ನು ಮಾಡುತ್ತದೆ. ಆದರೆ ತೇವದ ವಿಷಯದಲ್ಲಿ ಇವರಿಗೆ ಎಚ್ಚರವೇ ಇಲ್ಲ. ಮಳೆಗಾಲದಲ್ಲಿ ಅಲರ್ಜಿಯನ್ನು ಹೆಚ್ಚಿಸುವುದು ಕಣ್ಣಿಗೆ ಕಾಣುವ ಕೊಳೆಗಿಂತ ಹೆಚ್ಚಾಗಿ ಮನೆಯೊಳಗೆ ನಿಂತ ತೇವವೇ ಆದ್ದರಿಂದ, ಇದು ಸಣ್ಣ ಕೊರತೆಯಲ್ಲ.

ನಮ್ಮ ಮನೆಯಲ್ಲಿ ಅತ್ತೆಯವರಿಗೆ ಉಬ್ಬಸವಿದೆ. ಮಗನಿಗೆ ಜೂನ್ ತಿಂಗಳಿನಿಂದ ದೀಪಾವಳಿಯವರೆಗೂ ಬೆಳಿಗ್ಗೆ ಎದ್ದ ಕೂಡಲೇ ಸೀನು ಹತ್ತುತ್ತದೆ. ಇಬ್ಬರಿಗೂ ಚರ್ಮದ ಮೇಲೆ ಸೂಜಿಮೊನೆಯಿಂದ ಮಾಡುವ ಅಲರ್ಜಿ ಪರೀಕ್ಷೆ ಆಗಿದ್ದು, ಮಗನಿಗೆ ದೂಳುನುಸಿ, ಅತ್ತೆಯವರಿಗೆ ದೂಳುನುಸಿಯ ಜೊತೆಗೆ ಜಿರಲೆ ಎಂದು ಬಂದಿದೆ. ಈ ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದುದರಿಂದಲೇ ಯಾವುದಕ್ಕೆ ಹಣ ಕೊಡಬೇಕು, ಯಾವುದನ್ನು ಬೇಡವೆನ್ನಬೇಕು ಎಂದು ತೀರ್ಮಾನಿಸಲು ಸಾಧ್ಯವಾಯಿತು. ಖಾಲಿ ಸೈಟುಗಳಲ್ಲಿ ಮಳೆಯ ನಂತರ ಸೊಂಪಾಗಿ ಹೂ ಬಿಡುವ ಕಾಂಗ್ರೆಸ್ ಗಿಡದ ಪರಾಗ ಒಬ್ಬರಿಗೆ ಆಗದಿದ್ದರೆ, ಹಾಸಿಗೆಯನ್ನು ಎಷ್ಟು ಉಜ್ಜಿದರೂ ಪ್ರಯೋಜನ ಕಡಿಮೆ.

ದೂಳುನುಸಿ ಕಣ್ಣಿಗೆ ಕಾಣುವುದಿಲ್ಲ. ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕದಾದ, ಎಂಟು ಕಾಲಿನ ಈ ಜೀವಿ ಜೇಡದ ಬಳಗಕ್ಕೆ ಸೇರಿದ್ದು. ಮಂಡ್ಯದ ತೆಂಗಿನ ತೋಟದವರಿಗೆ ಚೆನ್ನಾಗಿ ಗೊತ್ತಿರುವ ನುಸಿಯೂ ಇದರ ದೂರದ ಬಂಧುವೇ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಇದರ ಹಿಕ್ಕೆಯಲ್ಲಿರುವ ಪ್ರೋಟೀನುಗಳು ಉಸಿರಿನೊಂದಿಗೆ ಒಳಗೆ ಹೋದಾಗ ಅಲರ್ಜಿ ಕೆರಳುತ್ತದೆ. ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ನುಸಿ ಎಲ್ಲಿಯೂ ನೀರು ಕುಡಿಯುವುದಿಲ್ಲ. ಮುಂಗಾಲಿನ ಬುಡದಲ್ಲಿರುವ ಗ್ರಂಥಿಗಳು ಸ್ರವಿಸುವ ಉಪ್ಪಿನಂಶದ ದ್ರವದ ಮೂಲಕ ಅದು ಗಾಳಿಯಲ್ಲಿರುವ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಈಗ ಅದರೊಳಗಿರುವ ಪಾಲು, ಶೇ 50ಕ್ಕಿಂತ ಕೆಳಗಿಳಿದು ಅಲ್ಲಿಯೇ ನಿಂತರೆ ಅದರ ಮೈ ಒಣಗಿ, ಕ್ರಮೇಣ ಸಾಯುತ್ತದೆ. ಶೇ 70ರಿಂದ 80ರ ನಡುವೆ ಅದಕ್ಕೆ ಸುಗ್ಗಿ. ಮೈಸೂರು ಕರಾವಳಿಯಲ್ಲವಾದ್ದರಿಂದ ಇಲ್ಲಿ ತೇವದ ಕಾಟವಿಲ್ಲವೆಂದು ಅನೇಕರು ಭಾವಿಸುತ್ತಾರೆ. ಮಾರ್ಚಿಯ ಮಧ್ಯಾಹ್ನಗಳ ಮಟ್ಟಿಗೆ ಅದು ಸರಿ, ಆಗ ಮನೆಯೊಳಗೂ ಆರ್ದ್ರತೆ ಶೇ 40ಕ್ಕಿಂತ ಕೆಳಗೆ ಹೋಗುತ್ತದೆ. ಆದರೆ ಜೂನ್‌ನಿಂದ ಅಕ್ಟೋಬರಿನವರೆಗೆ, ಅದರಲ್ಲಿಯೂ ಆಷಾಢದ ಮೋಡ ಕವಿದ ದಿನಗಳಲ್ಲಿ, ನಮ್ಮ ಮಲಗುವ ಕೋಣೆಯಲ್ಲಿ ಆರ್ದ್ರತೆ ಅಳೆಯುವ ಹೈಗ್ರೋಮೀಟರ್ ಬೆಳಗಿನ ಹೊತ್ತು 75ರಿಂದ ಕೆಳಗೆ ಬರುವುದೇ ಅಪರೂಪ. ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಗಳ ಅಂಚಿನಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮ ನೆಂಟರ ಸ್ಥಿತಿ ಇದಕ್ಕಿಂತಲೂ ಕಷ್ಟದ್ದು.

ಮೇಲ್ವಿಚಾರಕರ ಜೊತೆ ನಾಲ್ವರು ಕೆಲಸಗಾರರು ಬಂದಿದ್ದರು. ಅಲರ್ಜಿ ಇರುವವರು ಕೆಲಸ ನಡೆಯುವಾಗ ಮನೆಯಲ್ಲಿ ಇರಬಾರದೆಂದು ಅವರೇ ಮುಂಚಿತವಾಗಿ ಫೋನ್ ಮಾಡಿ ತಿಳಿಸಿದ್ದು ಮೆಚ್ಚತಕ್ಕ ವಿಷಯ. ಅತ್ತೆಯವರನ್ನೂ ಮಗನನ್ನೂ ಕುವೆಂಪುನಗರದ ನಾದಿನಿಯ ಮನೆಗೆ ಕಳುಹಿಸಿದೆವು. ಕಲಕಿದ ನುಸಿಯ ದೂಳು ಭಾರವಾದ್ದರಿಂದ ಅರ್ಧ ಗಂಟೆಯೊಳಗೆ ಬಹುಮಟ್ಟಿಗೆ ನೆಲಕ್ಕಿಳಿಯುತ್ತದೆ, ಆದರೆ ದಿನವಿಡೀ ಕಲಕುತ್ತಲೇ ಇರುವಾಗ ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಗಾಳಿ ಶುದ್ಧ ಮಾಡುವ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಕೂಡ ಈ ಅಂಶವನ್ನು ಗಮನಿಸಬೇಕು. ಬೆಕ್ಕಿನ ಅಲರ್ಜಿಯ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುವುದರಿಂದ ಆ ಯಂತ್ರ ಅಲ್ಲಿ ಸ್ವಲ್ಪ ನೆರವಾದೀತು. ನುಸಿಯ ಕಣಗಳು ಹಾಸಿಗೆಯಲ್ಲಿಯೇ ಕುಳಿತಿರುವುದರಿಂದ, ಮೂಲೆಯಲ್ಲಿ ಗುಂಯ್ ಎನ್ನುವ ಯಂತ್ರ ಅವುಗಳನ್ನು ಸೆಳೆದುಕೊಳ್ಳಲಾರದು.

ಕೆಲಸದ ಕ್ರಮ ಸರಿಯಾಗಿತ್ತು. ಮೊದಲು ಅಟ್ಟ ಮತ್ತು ಸಜ್ಜ, ಆಮೇಲೆ ಫ್ಯಾನಿನ ರೆಕ್ಕೆ, ಟ್ಯೂಬ್‌ಲೈಟಿನ ಪಟ್ಟಿ, ಬಾಗಿಲಿನ ಮೇಲಂಚು, ಕಿಟಕಿಯ ಸೊಳ್ಳೆ ಜಾಲರಿ, ಕಡೆಯಲ್ಲಿ ನೆಲ, ಹೀಗೆ ಮೇಲಿನಿಂದ ಕೆಳಗೆ ಬಂದರು. ಒಣಪೊರಕೆಯನ್ನು ಒಮ್ಮೆಯೂ ಬಳಸಲಿಲ್ಲ. ವ್ಯಾಕ್ಯೂಮ್ ಕೊಳವೆ ಹೋಗುವಲ್ಲೆಲ್ಲ ಅದನ್ನೇ ಬಳಸಿ, ಹೋಗದ ಕಡೆ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರು. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲವನ್ನು ತೊಡಿಸಿ ಎಳೆದದ್ದರಿಂದ ದೂಳು ಹಾಸಿಗೆಯ ಮೇಲೆ ಉದುರದೆ ಚೀಲದಲ್ಲಿಯೇ ಉಳಿಯಿತು. ಇದು ಅಗ್ಗದ ಉಪಾಯ, ನಾವೂ ಕಲಿಯತಕ್ಕದ್ದು.

ಅಟ್ಟದ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮೈಸೂರಿನ ಬಹುಪಾಲು ಹಳೆಯ ಮನೆಗಳಲ್ಲಿರುವಂತೆ ನಮ್ಮಲ್ಲಿಯೂ ದಸರೆಗೆ ಕೂರಿಸುವ ಗೊಂಬೆಗಳು ಅಟ್ಟದ ಟ್ರಂಕುಗಳಲ್ಲಿ, ಹಳೆಯ ಹತ್ತಿ ಸೀರೆಯ ತುಂಡುಗಳಲ್ಲಿ ಮತ್ತು ವೃತ್ತಪತ್ರಿಕೆಯ ಹಾಳೆಗಳಲ್ಲಿ ಸುತ್ತಿಕೊಂಡು, ವರ್ಷದ ಬಹುಭಾಗ ಮುಚ್ಚಿಕೊಂಡೇ ಇರುತ್ತವೆ. ಬಟ್ಟೆ, ಕಾಗದ, ಹೆಂಚಿನ ಸಂದಿಯಿಂದ ಇಳಿಯುವ ಮಳೆಯ ತೇವ, ಗಾಳಿಯಾಡದ ಕತ್ತಲೆ: ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಬಿಡಾರ ಬೇಕೆ? ಪ್ರತಿ ನವರಾತ್ರಿಯ ಹಿಂದಿನ ದಿನ ಟ್ರಂಕು ಇಳಿಸಿ ಬಿಚ್ಚಿದ ಕೂಡಲೇ ಅತ್ತೆಯವರ ಉಬ್ಬಸ ಕೆರಳುತ್ತಿತ್ತು, ಅದನ್ನು ಹಬ್ಬದ ಆಯಾಸವೆಂದೇ ಮನೆಮಂದಿಯೆಲ್ಲ ನಂಬಿದ್ದೆವು. ಪಟ್ಟದ ಗೊಂಬೆಗಳನ್ನು ತಾವು ಮುಟ್ಟುವುದಿಲ್ಲವೆಂದು ಕೆಲಸಗಾರರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಗೊಂಬೆಗಳನ್ನು ನಾನೇ ಹೊರತೆಗೆದೆ, ಅವರು ಟ್ರಂಕುಗಳನ್ನು ಅಂಗಳಕ್ಕೆ ಒಯ್ದು, ಒಳಗೆಲ್ಲ ವ್ಯಾಕ್ಯೂಮ್ ಮಾಡಿ, ಸಾಬೂನು ನೀರಿನ ಬಟ್ಟೆಯಿಂದ ಒರೆಸಿ ಒಣಗಲು ಇಟ್ಟರು. ಸೀರೆಯ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟು, ಬಿಸಿನೀರಿನಲ್ಲಿ ಒಗೆಯುವವರೆಗೆ ಕಟ್ಟು ಬಿಚ್ಚಬೇಡಿ ಎಂದು ಎಚ್ಚರಿಸಿದರು. ಕಾಗದವನ್ನು ಎಸೆಯಬೇಕೆಂದು ಹೇಳಿದ್ದೂ ಅವರೇ. ಈಗ ಗೊಂಬೆಗಳು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಚೀಲಗಳ ಜೊತೆ ಇವೆ. ನುಸಿಗುಳಿಗೆ ಹಾಕುವುದನ್ನು ನಿಲ್ಲಿಸಿದ್ದೇವೆ. ನ್ಯಾಫ್ತಲೀನಿನ ಆವಿ ಉಬ್ಬಸದವರಿಗೆ ಹಿತವಲ್ಲ, ಹೆಸರಿನಲ್ಲಿ ನುಸಿ ಇದ್ದರೂ ಹಾಸಿಗೆಯ ನುಸಿಗೆ ಅದು ಮದ್ದೂ ಅಲ್ಲ.

ಯಂತ್ರಗಳ ವಿಷಯದಲ್ಲಿ ಒಂದು ಆಕ್ಷೇಪವಿದೆ. ಹೆಪಾ ಫಿಲ್ಟರ್ ಎಂದರೆ 0.3 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್) ಗಾತ್ರದ ಕಣಗಳಲ್ಲಿಯೂ ಶೇ 99.97ರಷ್ಟನ್ನು ಹಿಡಿದಿಡುವ ಜರಡಿ. ನುಸಿಯ ಹಿಕ್ಕೆಯ ಕಣಗಳು ಸಾಮಾನ್ಯವಾಗಿ 10ರಿಂದ 40 ಮೈಕ್ರಾನ್ ಇರುವುದರಿಂದ ಅದಕ್ಕೆ ಅವು ದೊಡ್ಡ ಸವಾಲಲ್ಲ. ಫಿಲ್ಟರ್ ಸರಿಯಿಲ್ಲದ ವ್ಯಾಕ್ಯೂಮ್ ಮಾತ್ರ ಮುಂದಿನಿಂದ ಎಳೆದ ದೂಳಿನ ಸಣ್ಣ ಕಣಗಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ. ಇವರು ತಂದಿದ್ದ ಎರಡು ಯಂತ್ರಗಳಲ್ಲಿ ಒಂದಕ್ಕೆ ಹೆಪಾ ಇತ್ತು. ಕೇಳಿದ ಕೂಡಲೇ ಮುಚ್ಚಳ ತೆಗೆದು ತೋರಿಸಿದರು. ಇನ್ನೊಂದು, ನೀರನ್ನೂ ದೂಳನ್ನೂ ಎಳೆಯುವ ದೊಡ್ಡ ಡ್ರಮ್ಮಿನ ಯಂತ್ರ, ಸ್ಪಂಜಿನ ಸುರುಳಿಯೊಂದನ್ನು ಮಾತ್ರ ನೆಚ್ಚಿಕೊಂಡಿತ್ತು. ಹೆಪಾ ಯಂತ್ರ ಅಟ್ಟದಲ್ಲಿ ಕೆಲಸ ಮಾಡುತ್ತಿದ್ದಾಗ ಕೆಳಗಿನ ಹುಡುಗ ಈ ಡ್ರಮ್ಮನ್ನೇ ಒಣ ಸೋಫಾದ ಮೇಲೆ ಓಡಿಸತೊಡಗಿದ. ಅದರ ಹಿಂಬದಿಯ ಗಾಳಿಯಲ್ಲಿ ಕೈ ಹಿಡಿದರೆ ದೂಳಿನ ವಾಸನೆ ಸ್ಪಷ್ಟವಾಗಿಯೇ ಬರುತ್ತಿತ್ತು. ಹೇಳಿದ ಮೇಲೆ ನಿಲ್ಲಿಸಿದ, ಆದರೆ ಅಲರ್ಜಿಯ ಹೆಸರಿನಲ್ಲಿ ಹೆಚ್ಚಿನ ದರ ಪಡೆಯುವವರು ಇದನ್ನು ಗ್ರಾಹಕರಿಂದ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ಇನ್ನು ಹಾಸಿಗೆ ಮತ್ತು ಸೋಫಾ. ಅತ್ತೆಯವರದು ಬೂರುಗದ ಹತ್ತಿಯ ಹಾಸಿಗೆ, ಮಗನದು ಫೋಮ್. ಎರಡರ ಎರಡೂ ಬದಿಗಳನ್ನು, ಹೊಲಿಗೆಯ ಅಂಚುಗಳನ್ನು, ಮಂಚದ ಹಲಗೆಗಳ ಸಂದಿಗಳನ್ನು ನಿಧಾನವಾಗಿ ವ್ಯಾಕ್ಯೂಮ್ ಮಾಡಿದರು. ಪಾರದರ್ಶಕ ಡಬ್ಬಿಯಲ್ಲಿ ಕೂಡಿದ ಬೂದುಬಣ್ಣದ ಹಿಟ್ಟಿನಂತಹ ಪುಡಿಯನ್ನು ಗ್ರಾಹಕರಿಗೆ ತೋರಿಸುವುದು ಇವರ ವ್ಯಾಪಾರದ ಒಂದು ಅಂಗವೇ ಆಗಿರುವಂತಿದೆ. ಅದನ್ನು ನೋಡಿ ಬೆಚ್ಚಿಬೀಳಬೇಕಾಗಿಲ್ಲ, ಯಾರ ಹಾಸಿಗೆಯಿಂದಲಾದರೂ ಅದು ಬರುತ್ತದೆ. ವ್ಯಾಕ್ಯೂಮ್ ಮೇಲ್ಪದರದ ಹಿಕ್ಕೆ ಮತ್ತು ಹೊಟ್ಟನ್ನು ತೆಗೆಯುತ್ತದೆ. ಎಳೆಗಳಿಗೆ ಕಚ್ಚಿಕೊಂಡಿರುವ ಜೀವಂತ ನುಸಿಯಲ್ಲಿ ಬಹುಭಾಗ ಒಳಗೇ ಉಳಿಯುತ್ತದೆ. ಆಮೇಲೆ ನೀಲಿ ಬೆಳಕಿನ ಯು.ವಿ. (ಅತಿನೇರಳೆ) ದೀಪವಿರುವ ಸಣ್ಣ ಯಂತ್ರವೊಂದನ್ನು ಹಾಸಿಗೆಯ ಮೇಲೆ ಆಡಿಸಿದರು. ಆ ಬೆಳಕು ಬಟ್ಟೆಯ ಎಳೆಗಳನ್ನು ದಾಟಿ ಒಳಗೆ ಹೋಗುವುದಿಲ್ಲ, ಒಂದೊಂದು ಜಾಗದಲ್ಲಿ ಅದು ನಿಲ್ಲುವುದೂ ಕ್ಷಣಕಾಲ. ನೋಡಲು ಸೊಗಸಾಗಿತ್ತು ಎಂದಷ್ಟೇ ಹೇಳಬಲ್ಲೆ.

ಸೋಫಾಕ್ಕೆ ಶಾಂಪೂ ಮಾಡಿದ ರೀತಿಯೇ ಈ ಸೇವೆಯ ದೊಡ್ಡ ದೋಷ. ಡಿಟರ್ಜೆಂಟ್ ದ್ರಾವಣವನ್ನು ಧಾರಾಳವಾಗಿ ಸಿಂಪಡಿಸಿ, ಬ್ರಷ್ಷಿನಿಂದ ನೊರೆ ಬರುವಂತೆ ಉಜ್ಜಿ, ಡ್ರಮ್ ಯಂತ್ರದಿಂದ ನೀರೆಳೆದರು. ಎಳೆದ ನೀರು ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗಿತ್ತು, ಬಟ್ಟೆಯ ಬಣ್ಣ ಮರಳಿ ಬಂತು, ಸೋಫಾ ಹೊಸದರಂತೆ ಕಂಡಿತು. ಆದರೆ ಮೆತ್ತೆಯ ಮೇಲೆ ಅಂಗೈ ಒತ್ತಿದರೆ ನೀರು ಜಿನುಗುತ್ತಿತ್ತು. ಕೇಳಿದ್ದಕ್ಕೆ ಮೇಲ್ವಿಚಾರಕರು, "ಒಣಗುತ್ತೆ ಬಿಡಿ ಮೇಡಂ, ಫ್ಯಾನ್ ಹಾಕಿಬಿಡಿ, ಸಂಜೆಗೆಲ್ಲಾ ಕೂತ್ಕೋಬಹುದು" ಎಂದರು. ಏಪ್ರಿಲಿನಲ್ಲಿ ಅವರ ಮಾತು ನಿಜವಾಗುತ್ತಿತ್ತೇನೋ. ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದ ದಿನ, ಗಾಳಿಯೇ ನೀರಿನಿಂದ ತುಂಬಿರುವಾಗ, ಫ್ಯಾನು ಆ ತೇವವನ್ನು ಸೋಫಾದಿಂದ ತೆಗೆದು ಕೋಣೆಗೆ ಹರಡಬಲ್ಲದೇ ಹೊರತು ಮನೆಯಿಂದ ಆಚೆಗೆ ಕಳುಹಿಸಲಾರದು. ನಡುಮನೆಯ ಹೈಗ್ರೋಮೀಟರ್ ಆ ಸಂಜೆ 80ನ್ನು ದಾಟಿತು. ಮರುದಿನ ಸಂಜೆಗೂ ಮೆತ್ತೆಯ ಒಳಭಾಗ ಹಸಿಯಾಗಿಯೇ ಇದ್ದು, ಆಮೇಲೆ ಮುಗ್ಗಲು ವಾಸನೆ ಶುರುವಾಯಿತು.

ಇದು ಬರಿಯ ವಾಸನೆಯ ತೊಂದರೆಯಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಒದ್ದೆಯಾದ ಬಟ್ಟೆ, ಫೋಮ್, ಮರದ ಹಲಗೆ ಮುಂತಾದವು 24ರಿಂದ 48 ಗಂಟೆಗಳೊಳಗೆ ಪೂರ್ತಿ ಒಣಗದಿದ್ದರೆ ಅವುಗಳಲ್ಲಿ ಬೂಷ್ಟು ಬೆಳೆಯಲು ಆರಂಭಿಸುತ್ತದೆ ಎಂಬುದು ಎಲ್ಲ ಕಡೆಯೂ ಒಪ್ಪಿತವಾದ ಲೆಕ್ಕ. ಆಸ್ಪರ್‌ಜಿಲ್ಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ ಜಾತಿಯ ಬೂಷ್ಟುಗಳ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲಿಯೂ ಇದ್ದೇ ಇರುತ್ತವೆ, ಅವು ಕಾಯುವುದು ತೇವಕ್ಕಾಗಿ ಮಾತ್ರ. ಅದೇ ತೇವ ಮೆತ್ತೆಯೊಳಗೆ ಉಳಿದ ನುಸಿಗಳಿಗೂ ಅನುಕೂಲ. ಅಂದರೆ, ಅಲರ್ಜಿ ಕಡಿಮೆ ಮಾಡುವುದಕ್ಕೆಂದು ಹಣ ಪಡೆದು, ಅಲರ್ಜಿಯ ಎರಡು ಮೂಲಗಳಿಗೆ ಬೇಕಾದ ನೀರನ್ನು ಮನೆಯೊಳಗೆ ತುಂಬಿ ಹೋದಂತಾಯಿತು. ಹಾಸಿಗೆಗಳಿಗೂ ಇದೇ ಶಾಂಪೂ ಪ್ಯಾಕೇಜಿನಲ್ಲಿ ಸೇರಿತ್ತು, ಅದನ್ನು ನಾನು ಬೇಡವೆಂದೆ. ಬೂರುಗದ ಹತ್ತಿಯನ್ನು ಹೀಗೆ ನೆನೆಸಿದ್ದರೆ ಹಾಸಿಗೆಯನ್ನು ಬಿಚ್ಚಿ, ಹತ್ತಿ ಹಿಂಜುವವರನ್ನು ಕರೆಸಿ, ಹೊಸದಾಗಿ ತುಂಬಿಸುವುದರ ಹೊರತು ಬೇರೆ ದಾರಿ ಇರುತ್ತಿರಲಿಲ್ಲ.

ದೂರು ಕೊಟ್ಟ ಮೇಲೆ ಅವರು ನಡೆದುಕೊಂಡ ರೀತಿಯನ್ನೂ ದಾಖಲಿಸಬೇಕು. ಮೇಲ್ವಿಚಾರಕರು ವಾದಕ್ಕಿಳಿಯದೆ ಮರಳಿ ಬಂದು, ಮೆತ್ತೆಗಳ ಹೊದಿಕೆಯ ಜಿಪ್ ತೆಗೆಸಿ, ಬಿಸಿಗಾಳಿಯ ಬ್ಲೋವರ್ ಇಟ್ಟು, ಕಿಟಕಿಯ ಕಡೆಗೆ ಎಕ್ಸಾಸ್ಟ್ ಫ್ಯಾನ್ ತಿರುಗಿಸಿ ಒಣಗಿಸಿದರು, ಅದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ. ಬ್ಲೋವರ್ ಅವರ ಗೋದಾಮಿನಲ್ಲಿ ಇತ್ತೆಂದ ಮೇಲೆ ಮೊದಲ ದಿನವೇ ಅದನ್ನು ಏಕೆ ತರಲಿಲ್ಲವೆಂದು ಕೇಳಿದೆ. ಗ್ರಾಹಕರು ಯಾರೂ ಕೇಳುವುದಿಲ್ಲ ಎಂಬ ಉತ್ತರ ಬಂತು. ಕೇಳಬೇಕೆಂದು ಗ್ರಾಹಕರಿಗೆ ಗೊತ್ತಾಗುವುದಾದರೂ ಹೇಗೆ?

ಹಾಸಿಗೆಗೆ ಉಗಿ ಹಾಯಿಸುವ ಯಂತ್ರಕ್ಕೂ ತೇವದ ಇದೇ ಆಕ್ಷೇಪ ಅನ್ವಯಿಸುತ್ತದೆ. ಉಗಿಯ ಶಾಖ ತಾಗಿದ ಕಡೆ ನುಸಿ ಸಾಯುವುದು ನಿಜ. ಆದರೆ ದಪ್ಪ ಹಾಸಿಗೆಯ ನಡುವಿನವರೆಗೆ ಆ ಶಾಖ ಇಳಿಯುವುದಿಲ್ಲ, ತೇವ ಮಾತ್ರ ಇಳಿದು ನಿಲ್ಲುತ್ತದೆ. ಬೇಸಿಗೆಯಲ್ಲಿ, ಮರುಕ್ಷಣವೇ ಬಿಸಿಲಿಗೆ ಹಾಕುವ ಅನುಕೂಲವಿದ್ದರೆ ಮಾಡಿಸಬಹುದು.

ಗೋಡೆಯ ಬೂಷ್ಟನ್ನು ತೆಗೆದದ್ದು ಅರ್ಧ ಸರಿ, ಅರ್ಧ ತಪ್ಪು. ಪಡಸಾಲೆಯ ಉತ್ತರದ ಗೋಡೆಗೆ ಒತ್ತಿಕೊಂಡಿದ್ದ ಕಬ್ಬಿಣದ ಬೀರುವನ್ನು ಸರಿಸಿದಾಗ ಹಿಂದೆ ಕಪ್ಪು ಮಚ್ಚೆಗಳು ಹರಡಿದ್ದವು. ಒಣಗಿದ ಬೂಷ್ಟನ್ನು ನೇರವಾಗಿ ಕೆರೆಯದೆ, ಮೊದಲು ಸಾಬೂನು ನೀರಿನ ಬಟ್ಟೆಯಿಂದ ಒದ್ದೆ ಮಾಡಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒರೆಸಿದ್ದು ಸರಿಯಾದ ಕ್ರಮ. ಆಮೇಲೆ ಬ್ಲೀಚ್ ದ್ರಾವಣ ಹೊಡೆದು, "ಇನ್ನು ಬರಲ್ಲ ಅಕ್ಕ" ಎಂದು ಹುಡುಗ ಭರವಸೆ ಕೊಟ್ಟ. ಟೈಲ್ಸ್, ಗಾಜುಗಳ ಮೇಲೆ ಬ್ಲೀಚ್ ಕೆಲಸ ಮಾಡುತ್ತದೆ. ಗಾರೆಯಂತಹ ನೀರು ಹೀರುವ ಗೋಡೆಯಲ್ಲಿ ಅದು ಮೇಲಿನ ಬಣ್ಣವನ್ನು ಬಿಳಿಚಿಸುವುದಷ್ಟೇ, ಒಳಗಿನ ಬೇರು ಹಾಗೆಯೇ ಉಳಿಯುತ್ತದೆ, ಜೊತೆಗೆ ಕ್ಲೋರಿನ್ ವಾಸನೆ ಉಬ್ಬಸದವರ ಎದೆಯನ್ನು ಹಿಡಿಯುತ್ತದೆ. ಆ ಗೋಡೆಯ ಬೂಷ್ಟಿಗೆ ಕಾರಣ ತಾರಸಿಯ ನೀರು ಇಳಿಯುವ ಕೊಳವೆಯ ಬಿರುಕು. ಅದನ್ನು ಪ್ಲಂಬರ್ ಸರಿಪಡಿಸಿ, ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟ ಮೇಲೆ ಮಚ್ಚೆ ನಿಂತಿತು. ಸ್ವಚ್ಛತೆಯ ಸಂಸ್ಥೆಯಿಂದ ಪ್ಲಂಬಿಂಗ್ ನಿರೀಕ್ಷಿಸುವುದು ಸರಿಯಲ್ಲ, ಆದರೆ ನೀರು ಎಲ್ಲಿಂದ ಬರುತ್ತಿದೆ ನೋಡಿ ಎಂದು ಒಂದು ಮಾತು ಹೇಳುವುದು ಅವರ ಕೆಲಸದೊಳಗೇ ಬರುತ್ತದೆ.

ಬಚ್ಚಲುಮನೆಯಲ್ಲಿ ನಡೆಯಬಾರದ್ದೊಂದು ನಡೆಯುವುದರಲ್ಲಿತ್ತು. ಕಮೋಡಿಗೆ ಆಸಿಡ್ ಇರುವ ಕ್ಲೀನರ್ ಸುರಿದಿದ್ದ ಹುಡುಗ, ಅದನ್ನು ತೊಳೆಯುವ ಮುನ್ನವೇ ಪಕ್ಕದ ಟೈಲ್ಸ್ ಸಂದಿಗಳ ಬೂಷ್ಟಿಗೆ ಬ್ಲೀಚ್ ಹೊಡೆಯಲು ಬಾಟಲಿ ಎತ್ತಿದ. ಈ ಎರಡು ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ತಡೆದು ಹೇಳಿದಾಗ ಅವನಿಗೆ ಈ ವಿಷಯವನ್ನು ಯಾರೂ ಕಲಿಸಿಯೇ ಇರಲಿಲ್ಲವೆಂದು ಗೊತ್ತಾಯಿತು. ಅಪಾಯ ನನಗಿಂತ ಅವನಿಗೇ ಹೆಚ್ಚಿತ್ತು. ಸಮವಸ್ತ್ರಕ್ಕೆ, ಗುರುತಿನ ಚೀಟಿಗೆ ಖರ್ಚು ಮಾಡುವ ಸಂಸ್ಥೆಗಳು ಇಷ್ಟನ್ನಾದರೂ ಕಲಿಸಿ ಹುಡುಗರನ್ನು ಕಳುಹಿಸಬೇಕು.

ಅಡುಗೆಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ಯಾಸ್ ಸ್ಟೌವಿನ ಕೆಳಗೆ, ಫ್ರಿಜ್ಜಿನ ಹಿಂದೆ, ಸಿಂಕಿನ ಕೆಳಗಿನ ಕಪಾಟಿನಲ್ಲಿ ಜಿಡ್ಡನ್ನೂ ಜಿರಲೆಯ ಹಿಕ್ಕೆಯನ್ನೂ ಚೆನ್ನಾಗಿ ತೆಗೆದರು. ಜಿರಲೆಯ ಹಿಕ್ಕೆ, ಜೊಲ್ಲು, ಒಣಗಿ ಪುಡಿಯಾದ ದೇಹದ ಚೂರುಗಳೇ ಅಲರ್ಜಿಗೆ ಕಾರಣವಾದ್ದರಿಂದ ಈ ಕೆಲಸಕ್ಕೆ ಬೆಲೆಯಿದೆ. ಹೆಚ್ಚುವರಿಯಾಗಿ ಮಾರಲು ಬಂದ ಜಿರಲೆ ಔಷಧಿಯ ಸಿಂಪಡಣೆಯನ್ನು ನಿರಾಕರಿಸಿ, ಕಪಾಟಿನ ಕೀಲುಗಳ ಬಳಿ ಚುಕ್ಕೆಯಂತೆ ಇಡುವ ಜೆಲ್ ಔಷಧಿಯನ್ನು ಬೇರೆಯಾಗಿ ತರಿಸಿದೆವು. ಸಿಂಪಡಣೆಯ ಹನಿಗಳು ಮೂಗು ಗಂಟಲುಗಳನ್ನು ಕೆರಳಿಸುತ್ತವೆ, ಜೆಲ್ ಗಾಳಿಗೆ ಸೇರುವುದಿಲ್ಲ.

ಇನ್ನೂ ಮೂರು ಸಂಗತಿಗಳನ್ನು ಸೇರಿಸಲು ನೋಡಿದರು, ಅವುಗಳಲ್ಲಿ ಎರಡನ್ನು ಹೆಚ್ಚುವರಿ ದರಕ್ಕೆ. ಓಜೋನ್ ಯಂತ್ರವಿಟ್ಟು ಕೋಣೆಯನ್ನು ಶುದ್ಧಗೊಳಿಸುವುದು ಅವುಗಳಲ್ಲಿ ಒಂದು. ಓಜೋನ್ ಶ್ವಾಸಕೋಶವನ್ನು ಕೆರಳಿಸುವ ಅನಿಲ. ಮನುಷ್ಯರಿಗೆ ಸುರಕ್ಷಿತವಾದ ಪ್ರಮಾಣದಲ್ಲಿ ಅದು ಬೂಷ್ಟನ್ನಾಗಲಿ ನುಸಿಯನ್ನಾಗಲಿ ಕೊಲ್ಲುವುದಿಲ್ಲ. ಉಬ್ಬಸದವರಿರುವ ಮನೆಗೆ ಇದನ್ನು ಸೂಚಿಸಿದ್ದೇ ಆಶ್ಚರ್ಯ. ಇನ್ನೊಂದು, ರೋಗಾಣುನಾಶಕದ ಹೊಗೆ. ನಮ್ಮ ತೊಂದರೆ ರೋಗಾಣುವಿನದಲ್ಲ, ಸತ್ತ ನುಸಿಯ ಹಿಕ್ಕೆಯಲ್ಲಿಯೂ ಅಲರ್ಜಿಯ ಪ್ರೋಟೀನ್ ಹಾಗೆಯೇ ಇರುತ್ತದೆ. ಮೂರನೆಯದನ್ನು ನಾವು ಕೇಳದೆಯೇ ಪುಕ್ಕಟೆಯಾಗಿ ಕೊಟ್ಟರು: ಹೊರಡುವ ಮುನ್ನ ಮನೆಯಿಡೀ ಶ್ರೀಗಂಧದ ಪರಿಮಳದ ಸ್ಪ್ರೇ. ಊದುಬತ್ತಿಗೆ ಹೆಸರಾದ ಊರಿನಲ್ಲಿ ಪರಿಮಳವಿಲ್ಲದಿದ್ದರೆ ಮನೆ ಸ್ವಚ್ಛವಾಗಿಲ್ಲವೆಂದು ಗ್ರಾಹಕರು ದೂರುತ್ತಾರಂತೆ. ಕಿಟಕಿಗಳನ್ನೆಲ್ಲ ತೆರೆದಿಟ್ಟು, ಆ ಪರಿಮಳ ಹೋಗುವವರೆಗೆ ಅತ್ತೆಯವರನ್ನು ಮನೆಗೆ ಕರೆತರಲಿಲ್ಲ. ಸ್ವಚ್ಛ ನಗರಗಳ ರಾಷ್ಟ್ರೀಯ ಪಟ್ಟಿಯಲ್ಲಿ 2015ರಲ್ಲಿಯೂ 2016ರಲ್ಲಿಯೂ ಮೊದಲ ಸ್ಥಾನ ಪಡೆದ ಮೈಸೂರಿನಲ್ಲಿ ಸ್ವಚ್ಛತೆಯ ಬಗ್ಗೆ ನಮಗೊಂದು ಹೆಮ್ಮೆಯಿದೆ, ಇರಲಿ. ಆದರೆ ಕಣ್ಣಿಗೂ ಮೂಗಿಗೂ ಸ್ವಚ್ಛವೆನಿಸಿದ ಮನೆಯ ದಿಂಬಿನಲ್ಲಿ ನುಸಿ ಸುಖವಾಗಿಯೇ ಇರಬಲ್ಲದು.

ಪ್ಯಾಕೇಜಿನಲ್ಲಿ ಇಲ್ಲದೆ ಹೋದ, ಇರಲೇಬೇಕಾಗಿದ್ದ ಎರಡು ಕೆಲಸಗಳನ್ನು ನಾವೇ ಮಾಡಿಕೊಂಡೆವು. ಒಂದು, ಹಾಸಿಗೆ ಮತ್ತು ದಿಂಬುಗಳನ್ನು ಪೂರ್ತಿಯಾಗಿ ಮುಚ್ಚುವ, ಜಿಪ್ ಇರುವ, ಬಿಗಿ ನೇಯ್ಗೆಯ ಚೀಲಗಳು. ನೇಯ್ಗೆಯ ರಂಧ್ರ 10 ಮೈಕ್ರಾನಿಗಿಂತ ಕಡಿಮೆ ಇದ್ದರೆ ನುಸಿಯೂ ಅದರ ಹಿಕ್ಕೆಯೂ ಹೊರಬರಲಾರವು. ಪೇಟೆಯಲ್ಲಿ ವಾಟರ್‌ಪ್ರೂಫ್ ಎಂದು ಸಿಗುವ, ಮೇಲೆ ಮಾತ್ರ ಹೊದಿಸುವ ಕವರುಗಳು ಇದಕ್ಕೆ ಬದಲಿಯಲ್ಲ, ಆರೂ ಬದಿಗಳು ಮುಚ್ಚಬೇಕು. ಇನ್ನೊಂದು, ಹೊದಿಕೆ, ದಿಂಬಿನ ಚೀಲ, ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ 55ರಿಂದ 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆಯುವುದು. ತಣ್ಣೀರಿನಲ್ಲಿ ಒಗೆದರೂ ಅಲರ್ಜಿಯ ಪ್ರೋಟೀನ್ ಬಹುಮಟ್ಟಿಗೆ ಕರಗಿ ಹೋಗುತ್ತದೆ, ಆದರೆ ನುಸಿ ಸಾಯುವುದಿಲ್ಲ. ಹೀಟರ್ ಇಲ್ಲದ ವಾಷಿಂಗ್ ಮೆಷಿನ್ ಇರುವವರು ಬಿಸಿಲಿನ ದಿನ ತಾರಸಿಯ ಸೋಲಾರ್ ನೀರನ್ನು ಬಕೆಟ್ಟಿಗೆ ಹಿಡಿದು, ಒಮ್ಮೆ ಥರ್ಮಾಮೀಟರ್ ಅದ್ದಿ ನೋಡಿ, ಬಟ್ಟೆ ನೆನೆಹಾಕಬಹುದು. ಒಗೆಯಲಾಗದ ಮಕ್ಕಳ ಬಟ್ಟೆಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ಪೂರ್ತಿ ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಕೊಡವಿದರೆ ಸಾಕು.

ಈ ಎಲ್ಲವನ್ನೂ ಒಟ್ಟಿಗೆ ಮಾಡುವುದಕ್ಕೆ ಕಾರಣವಿದೆ. ಅಮೆರಿಕದ ರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿಯ 2020ರ ಪರಿಷ್ಕರಣೆಯು, ಹಾಸಿಗೆ ಚೀಲದಂತಹ ಒಂದೇ ಕ್ರಮವನ್ನು ನೆಚ್ಚಿಕೊಂಡರೆ ನುಸಿ ಅಲರ್ಜಿಯ ಉಬ್ಬಸದಲ್ಲಿ ಹೇಳಿಕೊಳ್ಳುವಂತಹ ಲಾಭ ಕಾಣುವುದಿಲ್ಲವೆಂದೂ, ಪರೀಕ್ಷೆಯಲ್ಲಿ ಅಲರ್ಜಿ ಖಚಿತವಾದವರು ಹಲವು ಕ್ರಮಗಳನ್ನು ಜೊತೆಯಾಗಿ ಕೈಗೊಳ್ಳಬೇಕೆಂದೂ ಹೇಳುತ್ತದೆ. ಒಂದು ದಿನದ ಡೀಪ್ ಕ್ಲೀನಿಂಗ್ ಕೂಡ ಒಂಟಿ ಕ್ರಮವೇ. ಅದರ ಜಾಹೀರಾತುಗಳಲ್ಲಿ ಅಲರ್ಜಿಯಿಂದ ಬಿಡುಗಡೆ ಎಂದು ಬರೆಯುವುದು ಅತಿಯಾಯಿತು.

ಫಲ ಸಿಕ್ಕಿತೇ ಎಂದು ಕೇಳಿದರೆ, ಸ್ವಲ್ಪ ಸಿಕ್ಕಿತು. ಗೊಂಬೆ ಕೂರಿಸುವಾಗ ಅತ್ತೆಯವರಿಗೆ ಉಬ್ಬಸ ಕೆರಳಲಿಲ್ಲ, ಅದರ ಶ್ರೇಯಸ್ಸನ್ನು ಅಟ್ಟದ ಕೆಲಸಕ್ಕೆ ನಿಸ್ಸಂಕೋಚವಾಗಿ ಕೊಡುತ್ತೇನೆ. ಮಗನ ಬೆಳಗಿನ ಸೀನು ಇಳಿಯುತ್ತ ಬಂತು, ಆದರೆ ಅಷ್ಟರಲ್ಲಿ ಮಳೆ ಹಿಂದೆ ಸರಿದು ಗಾಳಿ ಒಣಗತೊಡಗಿತ್ತು. ಯಾವುದರಿಂದ ಎಷ್ಟು ಎಂದು ಬೇರ್ಪಡಿಸಲಾಗದು. ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ಇಬ್ಬರೂ ನಿಲ್ಲಿಸಿಲ್ಲ, ಸ್ವಚ್ಛತೆ ಅದಕ್ಕೆ ಬದಲಿಯೂ ಅಲ್ಲ.

ದರದ ವಿಷಯ: ಎರಡು ಮಲಗುವ ಕೋಣೆಗಳ ಮನೆಗೆ ತೆರಿಗೆ ಸೇರಿ ಸುಮಾರು ₹8,500 ಆಯಿತು. ಇದೇ ಸಂಸ್ಥೆಯ ಸಾಮಾನ್ಯ ಪ್ಯಾಕೇಜು ಇದಕ್ಕಿಂತ ₹3,000ದಷ್ಟು ಕಡಿಮೆ. ಆ ಹೆಚ್ಚುವರಿ ಹಣಕ್ಕೆ ಸಿಗುವುದು ಸೋಫಾ ಮತ್ತು ಹಾಸಿಗೆಯ ಶಾಂಪೂ, ಯು.ವಿ. ದೀಪ ಮತ್ತು ಬೂಷ್ಟಿಗೆ ಬ್ಲೀಚ್. ನಮ್ಮ ತೇವದ ಹವೆಯಲ್ಲಿ ಬೇಡವಾದವೇ ಅವು. ಸಾಮಾನ್ಯ ಪ್ಯಾಕೇಜನ್ನೇ ತೆಗೆದುಕೊಂಡು, ಹೆಪಾ ಯಂತ್ರದಿಂದ ಹಾಸಿಗೆಗಳನ್ನು ವ್ಯಾಕ್ಯೂಮ್ ಮಾಡಿಕೊಡಿ ಎಂದು ಕೇಳಿದರೆ ಚಿಲ್ಲರೆ ಹಣಕ್ಕೆ ಮಾಡಿಕೊಡುತ್ತಾರೆ. ಉಳಿದ ಹಣದಲ್ಲಿ ಒಂದು ಹಾಸಿಗೆಗೆ ಒಳ್ಳೆಯ ಚೀಲವೂ, ಕೆಲವು ನೂರು ರೂಪಾಯಿಗೆ ಸಿಗುವ ಹೈಗ್ರೋಮೀಟರೂ ಬರುತ್ತವೆ. ಬುಕ್ ಮಾಡುವಾಗ ಎರಡೂ ಯಂತ್ರಗಳಿಗೆ ಹೆಪಾ ಇದೆಯೇ, ಒಣಗಿಸುವ ಬ್ಲೋವರ್ ತರುತ್ತೀರಾ ಎಂದು ಕೇಳಿ, ಉತ್ತರವನ್ನು ವಾಟ್ಸ್ಆ್ಯಪಿನಲ್ಲಿ ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ಪರಿಮಳದ ಸ್ಪ್ರೇ ಬೇಡವೆಂದು ಆಗಲೇ ತಿಳಿಸಿಬಿಡಿ.

ಕಾಲವನ್ನೂ ಬದಲಿಸಬಹುದು. ಆಯುಧಪೂಜೆಗೆ ಮುಂಚಿನ ವಾರಗಳಲ್ಲಿ ಇಡೀ ಊರೇ ಮನೆ ತೊಳೆಯುವುದರಿಂದ ಇವರ ದರ ಏರಿರುತ್ತದೆ, ಹುಡುಗರು ದಣಿದಿರುತ್ತಾರೆ, ಗಾಳಿ ಒದ್ದೆಯಾಗಿರುತ್ತದೆ. ನೀರು ಬಳಸುವ ಕೆಲಸಗಳನ್ನೆಲ್ಲ ಫೆಬ್ರವರಿ, ಮಾರ್ಚಿಗೆ ಇಟ್ಟುಕೊಂಡು, ದಸರೆಗೆ ಅಟ್ಟ, ಫ್ಯಾನು, ಹಾಸಿಗೆಗಳ ಒಣ ವ್ಯಾಕ್ಯೂಮನ್ನು ಮಾತ್ರ ಮಾಡಿಸುವುದು ನನ್ನ ಸಲಹೆ. ಅದೇ ಸಂಸ್ಥೆಗೆ ಶಿವರಾತ್ರಿ ಕಳೆದ ಮೇಲಿನ ಒಂದು ದಿನಕ್ಕೆ ಮುಂಗಡ ಕೊಟ್ಟಿದ್ದೇನೆ. ಬ್ಲೋವರ್ ತರುವುದಾಗಿ ಬರೆದು ಕಳುಹಿಸಿದ್ದಾರೆ, ಹಾಸಿಗೆಯ ಶಾಂಪೂವನ್ನು ಪಟ್ಟಿಯಿಂದ ತೆಗೆಸಿದ್ದೇನೆ, ಅತ್ತೆಯವರ ಬೂರುಗದ ಹಾಸಿಗೆ ಆ ದಿನ ಬೆಳಿಗ್ಗೆಯೇ ತಾರಸಿಯ ಬಿಸಿಲಿಗೆ ಹೋಗಲಿದೆ.